ಕೇಳಿದ್ದು

ಬೆಳಗಿನ ಜಾವ ನಾಲ್ಕೂಕಾಲು. ಇಟ್ಟಿಗೆಗೂಡಿನ ತಿರುವು.
ಇಟ್ಟಿಗೆ ಸುಡುವವರು ಯಾವ ಕಾಲಕ್ಕೋ ಹೋದರು, ಹೆಸರು ಬಿಟ್ಟು.
ಮೃಗಾಲಯದ ಸಿಂಹ ಒಂದು ಸಲ ಗದರಿ ಸುಮ್ಮನಾಗುತ್ತದೆ,
ಈ ಬೀದಿಯ ಕೂಸುಗಳು ಅದಕ್ಕೆ ಮಗ್ಗುಲೂ ಬದಲಿಸುವುದಿಲ್ಲ.

ನಾನು ಜವರಯ್ಯ. ಇಪ್ಪತ್ತಾರು ವರ್ಷದಿಂದ ನೀರು ಬಿಡುವವನು.
ನನ್ನೆತ್ತರದ ಕಬ್ಬಿಣದ ಕೀಲಿ, ತಲೆಗೊಂದು ಅಡ್ಡಪಟ್ಟಿ.
ಬಲಕ್ಕೆ ಹದಿಮೂರು ಸುತ್ತು: ನಜರಬಾದಿನ ಒಂದು ಸಾಲು ಬಾಯಾರುತ್ತದೆ.
ಎಡಕ್ಕೆ ಹದಿಮೂರು: ಜುಲೇಖಾಬಿಯ ಬಿಂದಿಗೆ ಮಾತಾಡುತ್ತದೆ.

ಇವತ್ತು ಜೊತೆಗೆ ಹೊಸ ಇಂಜಿನಿಯರಮ್ಮ, ಸೌಗಂಧಿಕಾ.
ಕೈಯಲ್ಲಿ ಬೆಳಗುವ ಹಲಗೆ, ಅದರೊಳಗೆ ಮೈಸೂರು,
ನೀಲಿ ಗೆರೆಗಳೆಲ್ಲ ನೆಟ್ಟಗೆ, ಸ್ನಾನ ಮಾಡಿಸಿ ತಲೆ ಬಾಚಿದ ಹಾಗೆ.
"ಈ ಪೈಪು ಎಲ್ಲಿಗೆ ಹೋಗುತ್ತೆ ಜವರಯ್ಯ?"
ನಕ್ಷೆ ಏನನ್ನುತ್ತೆ ಅಮ್ಮಾ?
"ಇಲ್ಲಿ ಪೈಪೇ ಇಲ್ಲ ಅನ್ನುತ್ತೆ."

ಅಗೆದೆವು.
ನಾಲ್ಕು ಪದರ ಡಾಂಬರು, ಪದರಕ್ಕೊಂದು ಚುನಾವಣೆ.
ಯಾರದೂ ಅಲ್ಲದ ಒಂದು ಕೇಬಲ್ಲು.
ಬಳೆ ಚೂರು, ಕುದುರೆ ಲಾಳದ ಮೊಳೆ,
ಆಮೇಲೆ ಸುರ್ಕಿ ಗಾರೆ, ಗುದ್ದಲಿಗೆ ಬಗ್ಗದ್ದು,
ಅದರಡಿ ಕಲ್ಲು ಹಾಸಿದ ಚರಂಡಿ.
ಅದರಡಿಯ ಮಣ್ಣು ಕಪ್ಪಗೆ, ಜಿಗಟು. ಮೂಸಿದೆ. ಕೆರೆ.

ಹೌದಮ್ಮಾ, ಕೆರೆ. ದೊಡ್ಡಕೆರೆ ಮೈದಾನ ಅಂತೀವಲ್ಲ,
ಯಾವತ್ತಾದರೂ ಯೋಚಿಸಿದ್ದೀರಾ, ಮೈದಾನಕ್ಕೆ ಯಾಕೆ ಆ ಹೆಸರು?
ಸುಬ್ಬರಾಯನ ಕೆರೆಯಲ್ಲೂ ಈಗ ಕೂತು ಭಾಷಣ ಕೇಳಬಹುದು.
ಕೋಟೆ ಸುತ್ತಿನ ಕಂದಕ ಮುಚ್ಚಿದರು, ಮೇಲೆ ಮರ ಬಂತು, ಬಸ್ಸು ಬಂತು.
ನೀರಿಗೆ ಯಾರೂ ಹೇಳಿಲ್ಲ.
ಸ್ವಾತಿ ಮಳೆ ಹಿಡಿದರೆ ಇವತ್ತಿಗೂ
ಅಂಗಡಿ ನೆಲಮಾಳಿಗೆಗಳಿಗೆ ಹಳೇ ಬಾಡಿಗೆದಾರನ ಹಾಗೆ ಬಂದು ನಿಲ್ಲುತ್ತದೆ.

ಮಹಾಮಾರಿಯ ಕಾಲದ್ದು ನನ್ನ ಮುತ್ತಜ್ಜಿ, ಚಿಕ್ಕತಾಯಿ.
ಇಲಿ ಬಿದ್ದ ಮನೆಗಳ ಹೆಂಚು ಇಳಿಸಿ ಬಿಸಿಲು ತುಂಬಿಸುತ್ತಿದ್ದರಂತೆ.
ಆಮೇಲೆ ಊರು ಉಸಿರಾಡಲಿ ಅಂತ ಅಗಲ ಬೀದಿ, ಸಾಲು ಮರ,
ಸಾಲುಮನೆಗಳ ಬೆನ್ನಿಗೆ ಬೆನ್ನು, ನಡುವೆ ಒಂದು ಗಲ್ಲಿ:
ಕನ್ಸರ್ವೆನ್ಸಿ.
ಮುಂದಿನ ರಸ್ತೆ ಸಾರೋಟಿಗೆ. ಹಿಂದಿನ ಗಲ್ಲಿ ಅವಳ ಬುಟ್ಟಿಗೆ.

ನಲವತ್ತು ವರ್ಷ ಆ ಗಲ್ಲಿಯಲ್ಲಿ ನಡೆದಳು.
ಒಂದು ಮನೆಯ ರಂಗೋಲಿಯನ್ನೂ ಕಂಡವಳಲ್ಲ,
ಆದರೆ ಯಾರ ಮನೆಯಲ್ಲಿ ಜ್ವರ, ಯಾರ ಮನೆಯಲ್ಲಿ ಬಸುರಿ,
ದಿವಾನರ ಕಛೇರಿಯ ಯಾವ ಗುಮಾಸ್ತನಿಗೆ ಅಜೀರ್ಣ,
ಎಲ್ಲ ಬಲ್ಲಳು.
"ಮುಂದ್ಗಡೆಯಿಂದ ನೋಡ್ದೋರಿಗೆ ಮೈಸೂರು ಚಂದ ಕಣಪ್ಪಾ,
ನಂಗೆ ಅದು ನೆಂಟರಿದ್ದಂಗೆ" ಅನ್ನುತ್ತಿದ್ದಳಂತೆ.
ಈಗ ಆ ಗಲ್ಲಿಯಲ್ಲಿ ಸ್ಕೂಟರು ನಿಲ್ಲಿಸುತ್ತಾರೆ. ಒಬ್ಬರು ಗೇಟೇ ಹಾಕಿದ್ದಾರೆ.

ಇಂಜಿನಿಯರಮ್ಮ ಹಲಗೆಯ ಬೆಳಕು ಆರಿಸಿದ್ದಳು, ಯಾವಾಗಲೋ.

ಬನ್ನಿ ಅಂದೆ. ಕೀಲಿಯ ತುದಿ ಪೈಪಿನ ಮೇಲಿಟ್ಟೆ,
ಅಡ್ಡಪಟ್ಟಿಯನ್ನು ಅವಳ ಕಿವಿಗೆ.
ಕಣ್ಣು ಮುಚ್ಚಬೇಡಿ, ಮುಚ್ಚಿದರೆ ನಿಮ್ಮ ರಕ್ತವೇ ಕೇಳಿಸುತ್ತೆ.
ದಪ್ಪ ಸದ್ದು ಬೀಡು ಕಬ್ಬಿಣ, ನನ್ನ ಗುರು ಪುಟ್ಟಮಾದಯ್ಯನಿಗಿಂತ ಹಳೇದು.
ಸೀಟಿ ಹೊಡೆದರೆ ಸೋರಿಕೆ.
ಗುಳುಗುಳು ಅಂದರೆ ಪಕ್ಕದಲ್ಲಿ ಇನ್ನೇನೋ ಹರಿಯುತ್ತಿದೆ,
ನಮ್ಮ ಲೆಕ್ಕಕ್ಕೆ ಸೇರದ್ದು.

ಬಹಳ ಹೊತ್ತು ಕೇಳಿದಳು. ಕೆನ್ನೆಗೆ ತುಕ್ಕು ಹತ್ತಿತು.
ಆಮೇಲೆ ಹಲಗೆ ತೆಗೆದು ಬೆರಳಲ್ಲಿ ಒಂದು ನೀಲಿ ಗೆರೆ ಎಳೆದಳು,
ನೆಟ್ಟಗಿನ ಗೆರೆಗಳ ನಡುವೆ ಹಾವಿನಂಥದ್ದು,
ಮೂರು ಮನೆಗಳ ಅಡಿಗೆ ಹಾಯ್ದು, ಒಂದು ಬ್ಯಾಂಕಿನ ಅಡಿಗೆ ಹಾಯ್ದು,
ಕೆರೆ ಇದ್ದ ಕಡೆ ತಗ್ಗಿ.

ಹಲಗೆ ಕೇಳಿತು: ಮಾಹಿತಿಯ ಮೂಲ?
ಕಡತ, ಸರ್ವೆ, ಉಪಗ್ರಹ, ಇತರೆ.
ಇತರೆ ಒತ್ತಿದಳು. ಖಾಲಿ ಜಾಗ ತೆರೆಯಿತು.
"ಕೇಳಿದ್ದು" ಅಂತ ಬರೆದಳು.

ಐದಾಯಿತು. ಗುಂಡಿ ಮುಚ್ಚಬೇಕು, ಎಡಕ್ಕೆ ಹದಿಮೂರು ತಿರುವಬೇಕು.
ಹನ್ನೊಂದನೇ ಸುತ್ತಿಗೇ, ಮೂರು ಬೀದಿಯಾಚೆ,
ಜುಲೇಖಾಬಿ ನನ್ನನ್ನು ಬೈಯುವುದು ಕೇಳಿಸಿತು.